ಗುರುಜಿ, ಮಾಸ್ತರ, ಮುದರ್ರಿಸ್

ಕರ್ನಾಟಕದ ಗಡಿಗೆ ಹತ್ತಿದ ನಿಲಂಗಾ ತಾಲ್ಲೂಕಿನ ಕಾಸಾರಶಿರಸಿಯ ಸೀಮೆಯಲ್ಲಿ ಸಾಲಿ ಕಲಿಸುವವರಿಗೆ ಒಂದೇ ಹೆಸರು ಎಂದೂ ನಿಂತದ್ದಿಲ್ಲ. ಮರಾಠಿಯವರು ಗುರುಜಿ ಅಂದರು, ಕನ್ನಡದವರು ಮಾಸ್ತರ ಅಂದರು, ದಖನಿ ಮಾತಿನ ಮನೆಗಳಲ್ಲಿ ಅವರು ಉಸ್ತಾದ್ ಆದರು. ನಿಜಾಮನ ಕಾಲದ ಸರಕಾರಿ ಕಾಗದದಲ್ಲಿ ಅದೇ ಮನುಷ್ಯ ಮುದರ್ರಿಸ್. ಕಲಿಸಲು ಹೆಣ್ಣುಮಗಳು ಬಂದರೆ ಗೊಂದಲ ಇನ್ನಷ್ಟು: ಗಡಿಯಾಚೆ ಬಸವಕಲ್ಯಾಣ, ಭಾಲ್ಕಿ ಕಡೆ ಅಕ್ಕೋರು, ಈಚೆ ನಿಲಂಗಾ, ಉದಗೀರದ ಕಡೆ ಬಾಯಿ. ಮನೆಯಲ್ಲಿ ಕನ್ನಡವಾಡುವ ಕೂಸಿಗೆ ಬಾಯಿ ಎಂದರೆ ಉಣ್ಣುವ ಬಾಯಿ. ಸಾಲಿಗೆ ಹೊಸ ಬಾಯಿ ಬಂದಾಳ ಎಂದರೆ ಅದು ನಗದೆ ಇದ್ದೀತೇ?

ಹೆಸರು ಇಷ್ಟು ಬಗೆಯಾಗಲು ಕಾರಣ ನೆಲದ ಮೇಲೆಯೇ ಬಿದ್ದಿದೆ. ಹೈದರಾಬಾದ್ ಸಂಸ್ಥಾನದಲ್ಲಿ ನಿಲಂಗಾ, ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳು, ಉಮರ್ಗಾ ಉಸ್ಮಾನಾಬಾದಿನದು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ಹೋಳಾಯಿತು. ಭಾಲ್ಕಿ, ಹುಮನಾಬಾದ್ ಮೈಸೂರಿಗೆ ಹೋದವು, ನಿಲಂಗಾ, ಉದಗೀರ, ಅಹಮದಪುರ ಮುಂಬಯಿ ರಾಜ್ಯದ ಪಾಲಾದವು, ಇನ್ನೊಂದು ತುಣುಕು ಆಂಧ್ರಕ್ಕೆ ಸೇರಿತು. 1960ರಲ್ಲಿ ಮುಂಬಯಿ ರಾಜ್ಯ ಮಹಾರಾಷ್ಟ್ರವಾಯಿತು. 1982ರ ಆಗಸ್ಟ್‌ನಲ್ಲಿ ಲಾತೂರ ಹೊಸ ಜಿಲ್ಲೆಯಾದಾಗ ಕಾಸಾರಶಿರಸಿ ಅದರೊಳಕ್ಕೆ ಬಂತು. ಊರು ಕದಲಲಿಲ್ಲ, ರಾಜಧಾನಿ ಬದಲಾಗುತ್ತ ಹೋಯಿತು. ರಾಜಧಾನಿ ಬದಲಾದಾಗಲೆಲ್ಲ ಮಾಸ್ತರನ ಕೈಯಲ್ಲಿರಬೇಕಾದ ಸನದೂ ಬದಲಾಯಿತು. ಒಂದನೆಯ ಇಯತ್ತೆಯ ಮಗುವಿಗೆ ಅಕ್ಷರ ಹೇಳಿಕೊಡಲು ಏನು ಓದಿರಬೇಕು ಎಂಬ ಪ್ರಶ್ನೆಗೆ ನಿಲಂಗಾ, ಉದಗೀರ, ಉಮರ್ಗಾ ಈ ಮೂರು ತಾಲ್ಲೂಕುಗಳು ಕೇಳಿಸಿಕೊಂಡಷ್ಟು ಉತ್ತರಗಳನ್ನು ಬೇರೆ ಸೀಮೆಗಳು ಕೇಳಿರಲಿಕ್ಕಿಲ್ಲ. ಈಗ ಕೇಳಿಬರುತ್ತಿರುವ ಹೊಸ ಉತ್ತರ: ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿ.

ಸನದಿಲ್ಲದ ಕಾಲವೂ ಇತ್ತು. ಐಗಳ ಮಠದಲ್ಲಿ, ಗುಡಿಯ ಕಟ್ಟೆಯ ಮೇಲೆ, ಗೌಡರ ಪಡಸಾಲೆಯಲ್ಲಿ ಕೂತು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದ ಕಾಲ ಅದು. ಧೂಳಪಾಟಿ ಎಂಬ ಮಾತು ಅಲ್ಲಿಂದಲೇ ಬಂದದ್ದು. ಐಗಳಿಗೆ ತರಬೇತಿ ಎಂಬುದಿಲ್ಲ. ಮಗ್ಗಿ ಬಾಯಿಪಾಠ ಮಾಡಿದ ದೊಡ್ಡ ಹುಡುಗ ಸಣ್ಣವರಿಗೆ ಹೇಳಿಕೊಡುತ್ತಿದ್ದ, ಹೇಳಿಕೊಡುತ್ತಲೇ ಮುಂದೊಂದು ದಿನ ತಾನೇ ಪಂತೋಜಿಯಾಗುತ್ತಿದ್ದ. ಇದನ್ನು ಹಳ್ಳಿಗರ ದಾರಿದ್ರ್ಯವೆಂದು ತಳ್ಳಿಹಾಕಿದವರು ಬಹಳ. ಆದರೆ ಮದ್ರಾಸಿನ ಎಗ್ಮೋರಿನಲ್ಲಿ ಗಂಡುಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮಾತ್ರ ಅದನ್ನು ಕಣ್ಣರಳಿಸಿ ನೋಡಿದ. ಮಲಬಾರಿ ಮಕ್ಕಳು ಮರಳ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಗೆ ತಂದ. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮ ಕಟ್ಟಿ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಇಂಗ್ಲೆಂಡಿನ ಬಡವರ ಶಾಲೆಗಳಲ್ಲಿ ಅದು ಮದ್ರಾಸ್ ಪದ್ಧತಿ ಎಂದೇ ಹಬ್ಬಿತು. ಬೆಲ್ 1832ರಲ್ಲಿ ತೀರಿಕೊಂಡಾಗ ದೊಡ್ಡ ಗಂಟು ಬಿಟ್ಟುಹೋಗಿದ್ದ. ಆ ದುಡ್ಡಿನಿಂದ 1876ರಲ್ಲಿ ಎಡಿನ್‌ಬರೊ, ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕ ಪೀಠಗಳು ಹುಟ್ಟಿದವು. ಶಿಕ್ಷಕನಾಗುವ ವಿದ್ಯೆ ವಿಶ್ವವಿದ್ಯಾಲಯದ ಹೊಸಿಲು ದಾಟಿದ ದಾರಿಯಲ್ಲಿ ನಮ್ಮ ಧೂಳಪಾಟಿಯ ಮರಳೂ ಅಷ್ಟಿಷ್ಟು ಬಿದ್ದಿದೆ.

ಕನ್ನಡದಲ್ಲಿ ಸನದಿನ ಮಾಸ್ತರರು ತಯಾರಾದದ್ದು ಬ್ರಿಟಿಷರ ಕೈಯಲ್ಲಿದ್ದ ಧಾರವಾಡದಲ್ಲಿ. ಅಲ್ಲಿ ಬಂದದ್ದು ನಾರ್ಮಲ್ ಸ್ಕೂಲು. ಹೆಸರು ಫ್ರೆಂಚರದು, ಮಾದರಿ ಹಾಕಿಕೊಡುವ ಶಾಲೆ ಎಂಬುದು ಅದರ ಅರ್ಥ. ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಆ ಶಾಲೆಯ ಮುಖ್ಯಸ್ಥರಾದ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಸಾಲಿಗಳಿಗೆ ಮಾಸ್ತರರನ್ನು ಒದಗಿಸಲು ಟೊಂಕ ಕಟ್ಟಿದರು. 1881ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರೂ ಅವರು ಹಾಕಿದ ದಾರಿ ಉಳಿಯಿತು. ಟ್ರೇನಿಂಗ್ ಕಾಲೇಜು ಎನ್ನಿಸಿಕೊಂಡ ಆ ಸಂಸ್ಥೆಯಲ್ಲಿ ಕಲಿತು ಮಾಸ್ತರಿಕೆಗೆ ಇಳಿದವರಲ್ಲಿ ಕಾದಂಬರಿಕಾರ ಗಳಗನಾಥರೂ ಒಬ್ಬರು. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾಗಬೇಕು, ಆಮೇಲೆ ಟ್ರೇನಿಂಗ್. ಮುಲ್ಕಿ ಪಾಸಾದವನೆಂದರೆ ಊರಿನಲ್ಲಿ ಪತ್ರ ಓದಿ ಹೇಳುವ, ಖಾತೆ-ಖಿರ್ದಿ ತಿಳಿದ ಮನುಷ್ಯ ಎಂದು ಮರ್ಯಾದೆ.

ಇದೇ ಮುಲ್ಕಿ ಎಂಬ ಶಬ್ದ ಸೊಲ್ಲಾಪುರ ದಾಟಿ ನಿಜಾಮನ ಗಡಿಯೊಳಕ್ಕೆ ಕಾಲಿಟ್ಟರೆ ಅರ್ಥ ಬದಲಿಸುತ್ತಿತ್ತು. ಅಲ್ಲಿ ಮುಲ್ಕಿ ಎಂದರೆ ಪರೀಕ್ಷೆಯಲ್ಲ, ಮುಲ್ಕಿನವನು, ಸಂಸ್ಥಾನದಲ್ಲೇ ಹುಟ್ಟಿದವನು ಅಥವಾ ಹದಿನೈದು ವರ್ಷ ಅಲ್ಲಿ ನೆಲೆಸಿದವನು. ಸರಕಾರಿ ನೌಕರಿಗೆ ಅದು ಬೇಕು. ಧಾರವಾಡದವನು ಎಷ್ಟು ಮುಲ್ಕಿ ಪಾಸಾಗಿದ್ದರೂ ಉಮರ್ಗಾದಲ್ಲಿ ಗೈರ್‌ಮುಲ್ಕಿ. ಒಂದು ಪದ, ಎರಡು ರಾಜ್ಯ, ಎರಡು ಯೋಗ್ಯತೆ. ಈ ಪದದ ಕತೆ ಇಲ್ಲಿಗೇ ಮುಗಿಯುವುದಿಲ್ಲ.

ನಿಜಾಮನ ರಾಜ್ಯದಲ್ಲಿ ಶಾಲೆಯ ಮೆಟ್ಟಿಲುಗಳಿಗೂ ಉರ್ದು ಹೆಸರೇ: ತಹ್ತಾನಿಯಾ, ವಸ್ತಾನಿಯಾ, ಫೌಖಾನಿಯಾ. ಕೆಳಗಿನದು, ನಡುವಿನದು, ಮೇಲಿನದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದಾಗ ಅದೊಂದು ಸಾಹಸವೇ ಆಗಿತ್ತು. ಇಂಗ್ಲಿಷನ್ನು ಬಿಟ್ಟು ಭಾರತದ ಭಾಷೆಯೊಂದರಲ್ಲಿ ಪದವಿಯತನಕ ಕಲಿಸುವುದು, ಅದಕ್ಕಾಗಿ ಅನುವಾದದ ಇಲಾಖೆಯನ್ನೇ ತೆರೆದು ಗಣಿತ, ವಿಜ್ಞಾನದ ಪುಸ್ತಕಗಳನ್ನು ತರ್ಜುಮೆ ಮಾಡಿಸುವುದು ಸಣ್ಣ ಮಾತಲ್ಲ. ಪರಭಾಷೆಯಲ್ಲಿ ಕಲಿತರೆ ಬುದ್ಧಿ ಬೆಳೆಯದು ಎಂಬ ವಾದದ ಮೇಲೆಯೇ ಅದು ನಿಂತಿತ್ತು. ವಾದ ಸರಿ. ಆದರೆ ನಿಲಂಗಾದ ಲಿಂಗಾಯತರ, ಉದಗೀರದ ಮರಾಠರ, ಬೀದರದ ಕುರುಬರ ಮಗುವಿಗೆ ಉರ್ದುವೂ ಅಷ್ಟೇ ಪರಕೀಯ ಎಂಬುದನ್ನು ಆ ವಾದ ತನಗೆ ಹಚ್ಚಿಕೊಳ್ಳಲಿಲ್ಲ. 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಸಾಕ್ಷರತೆ ಶೇ. 9ರ ಆಸುಪಾಸಿನಲ್ಲಿತ್ತು.

ಹೀಗಾಗಿ ಕನ್ನಡವೂ ಮರಾಠಿಯೂ ಖಾಸಗಿ ಶಾಲೆಗಳಲ್ಲಿ ತಲೆಮರೆಸಿಕೊಂಡು ಬಾಳಬೇಕಾಯಿತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಈ ಭಾಗದಲ್ಲಿ ಮನೆಮಾತು. ಅವರು ಹುಟ್ಟಿದ ಕಮಲನಗರ ಉದಗೀರಕ್ಕೆ ನೆರೆ, ಭಾಲ್ಕಿ ಬಿಟ್ಟ ರೈಲು ಅದನ್ನು ದಾಟಿಯೇ ಉದಗೀರ ಸೇರುತ್ತದೆ. ಆ ಕಡೆ ಉಮರ್ಗಾ ಸೀಮೆಯ ಹಿಪ್ಪರಗಾದಲ್ಲಿ 1921ರಲ್ಲೇ ರಾಷ್ಟ್ರೀಯ ಶಾಲೆ ಶುರುವಾಗಿತ್ತು. 1929ರ ಹೊತ್ತಿಗೆ ಅಲ್ಲಿಗೆ ಕಲಿಸಲು ಬಂದವರು ವ್ಯಂಕಟೇಶ ಖೇಡಗೀಕರ, ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದವರು. ಮುಂದೆ ಸಂನ್ಯಾಸ ತೆಗೆದುಕೊಂಡು ಸ್ವಾಮಿ ರಾಮಾನಂದ ತೀರ್ಥರಾಗಿ ಹೈದರಾಬಾದ್ ವಿಮೋಚನೆಯ ಮುಂದಾಳಾದರು. ಕನ್ನಡದ ನೆಲದಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿಸಿ ಉರ್ದು ರಾಜ್ಯದ ವಿರುದ್ಧ ನಿಂತ ಈ ಮಾಸ್ತರರ ಹೆಸರಿನಲ್ಲೇ 1994ರ ಸೆಪ್ಟೆಂಬರ್ 17ರಂದು ನಾಂದೇಡದಲ್ಲಿ ವಿಶ್ವವಿದ್ಯಾಲಯವಾಯಿತು. ಇವತ್ತು ನಿಲಂಗಾ, ಉದಗೀರದ ಕಾಲೇಜುಗಳು ಅದರ ವ್ಯಾಪ್ತಿಗೆ ಬರುತ್ತವೆ. ಉಮರ್ಗಾ ಮಾತ್ರ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದಿನ) ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

1956ರಲ್ಲಿ ಗೆರೆ ಎಳೆದವರು ಗೆರೆಯ ತಪ್ಪು ಬದಿಗೆ ಸಿಕ್ಕವರನ್ನು ಮರೆತಿರಲಿಲ್ಲ. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಮಾತಿನಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು. ಶಾಲೆಯಲ್ಲಿ ನಲವತ್ತು ಮಕ್ಕಳು, ಇಲ್ಲವೇ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕ ಬೇಕು ಎಂಬ ಲೆಕ್ಕ 1949ರ ಶಿಕ್ಷಣ ಸಚಿವರ ಸಮ್ಮೇಳನದಲ್ಲೇ ಗೊತ್ತಾಗಿತ್ತು. ಪುಣೆಯಲ್ಲಿ 1967ರಲ್ಲಿ ಶುರುವಾದ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚು ಹಾಕುತ್ತ ಬಂದಿದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ ಕನ್ನಡ ಸಾಲಿಗಳು ಅದರ ನೆಳಲಲ್ಲಿ ನಡೆದವು. ಕಾಸಾರಶಿರಸಿಯಂಥ ಊರಿನ ಪಾಡು ಬೇರೆ. ಇಲ್ಲಿ ಕನ್ನಡ ಮನೆಯ, ಮಠದ, ಸಂತೆಯ ಮಾತು, ಮರಾಠಿ ಕಚೇರಿಯ ಮಾತು. ಹತ್ತು ಮಕ್ಕಳಿರುವ ತರಗತಿಯಲ್ಲಿ ಎಷ್ಟು ಮಂದಿ ಕನ್ನಡದವರು ಎಂದು ಎಣಿಸಲು ಹೋದರೆ ಮಕ್ಕಳೇ ಗಲಿಬಿಲಿಗೊಳ್ಳುತ್ತಾರೆ, ಏಕೆಂದರೆ ಎಲ್ಲರೂ ಎರಡು ಮೂರು ಭಾಷೆಯವರೇ.

ಮಾಸ್ತರನ ಸನದು ಮುಂದೆ ಮರಾಠಿಗೆ ತಿರುಗಿತು. ಡಿ.ಎಡ್. ಎಂಬುದು ಮನೆಮಾತಾಯಿತು. ಗಡಿಯಾಚೆ ಕರ್ನಾಟಕದಲ್ಲಿ ಅದರ ಜೋಡಿ ಟಿ.ಸಿ.ಎಚ್. ಹನ್ನೆರಡನೆಯ ಇಯತ್ತೆ ಮುಗಿಸಿದ ಹಳ್ಳಿ ಹುಡುಗ ಹುಡುಗಿಯರಿಗೆ ಎರಡು ವರ್ಷದಲ್ಲಿ ನೌಕರಿ ಕೊಡಿಸುವ ವಿದ್ಯೆ ಅದೊಂದೇ ಎಂಬ ನಂಬಿಕೆ ಎರಡೂ ಕಡೆ ಬೆಳೆಯಿತು. ಪಾಠ ಟಾಚಣದ (ಪಾಠ ಟಿಪ್ಪಣಿಯ) ವಹಿ, ಬಣ್ಣದ ತಕ್ತೆಗಳು, ರಟ್ಟಿನ ಗಡಿಯಾರ, ಮೇಲ್ವಿಚಾರಕರ ಮುಂದೆ ಇಪ್ಪತ್ತು ನಿಮಿಷದ ಪಾಠ, ಇದು ಆ ಎರಡು ವರ್ಷದ ಚಿತ್ರ. ಸರಕಾರದ ಕಡೆಯಿಂದ 1980ರ ದಶಕದ ಕೊನೆಗೆ ಜಿಲ್ಲೆಗೊಂದು ಡಯಟ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆ ಬಂತು. ಲಾತೂರ ಜಿಲ್ಲೆಯದು ಮುರುಡದಲ್ಲಿದೆ, ಕಲಬುರಗಿಯದು ಕಮಲಾಪುರದಲ್ಲಿ. ಎರಡರ ನಡುವೆ ಅದೇ ಕರಿನೆಲ, ಅದೇ ತೊಗರಿ, ಅದೇ ಜೋಳ. ತರಬೇತಿಯ ಭಾಷೆ ಮಾತ್ರ ಬೇರೆ.

2000ದ ಆಚೆ ಡಿ.ಎಡ್. ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ನೌಕರಿಯ ಜಾಗ ಅಷ್ಟಿರಲಿಲ್ಲ. ಜಾಗ ಸಿಕ್ಕವರಿಗೂ ಮೊದಲ ಮೂರು ವರ್ಷ ಶಿಕ್ಷಣ ಸೇವಕ ಎಂಬ ಹೆಸರು, ಗೌರವಧನ. ಪ್ರಾಥಮಿಕ ಶಾಲೆಯ ಶಿಕ್ಷಣ ಸೇವಕರಿಗೆ ತಿಂಗಳಿಗೆ 6,000 ರೂಪಾಯಿ ಇದ್ದದ್ದು 16,000ಕ್ಕೆ ಏರಿದ್ದು 2023ರಲ್ಲಿ. ಸೇವಕ ಎಂಬ ಪದವನ್ನು ಯೋಚಿಸಿದವರಿಗೆ ಗುರುಜಿ ಎಂಬ ಪದ ಮರೆತಿತ್ತೋ ಏನೋ.

ಇಲ್ಲಿ ಕತೆ ಒಂದು ದೊಡ್ಡ ತಿರುವು ತೆಗೆದುಕೊಂಡಿತು, ಅದೂ ಮಹಾರಾಷ್ಟ್ರದಿಂದಲೇ. ರಾಜ್ಯದ 291 ಡಿ.ಎಡ್. ಕಾಲೇಜುಗಳ ಮಾನ್ಯತೆಯ ತಕರಾರು ಮುಂಬಯಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಶಿಕ್ಷಕರ ಶಿಕ್ಷಣವನ್ನೇ ಬುಡದಿಂದ ನೋಡಲು 2011ರಲ್ಲಿ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಆಯೋಗ ನೇಮಕವಾಯಿತು. ಮರುತಪಾಸಣೆಯಲ್ಲಿ ಆ ಕಾಲೇಜುಗಳ ಬಹುಪಾಲು ನಡೆಸಲು ಯೋಗ್ಯವಲ್ಲವೆಂದು ಕಂಡುಬಂತು. 2012ರ ಆಗಸ್ಟ್‌ನಲ್ಲಿ ಬಂದ ವರದಿ ಅಷ್ಟಕ್ಕೇ ನಿಲ್ಲದೆ, ಶಿಕ್ಷಕರ ತಯಾರಿಯನ್ನು ಬಿಡಿ ಬಿಡಿ ಸಂಸ್ಥೆಗಳಿಂದ ಬಿಡಿಸಿ ಉನ್ನತ ಶಿಕ್ಷಣದ ಅಂಗಳಕ್ಕೆ ತರಬೇಕು ಎಂದಿತು. ಮಹಾರಾಷ್ಟ್ರದ ಹಳ್ಳಿಗಾಡಿನ ಕಾಲೇಜುಗಳ ದುರವಸ್ಥೆ ಇಡೀ ದೇಶದ ನೀತಿಯನ್ನು ತಿದ್ದಲು ಕಾರಣವಾದದ್ದು ಹೀಗೆ.

ಮಾತು ಹೊಸದೇನಲ್ಲ. ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದಿಂದ ದೂರ ಬಿದ್ದಿದೆ, ಆ ಒಂಟಿತನ ಮುರಿಯಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಹನ್ನೆರಡನೆಯ ತರಗತಿಯ ನಂತರ ನಾಲ್ಕು ವರ್ಷದ ಪದವಿ ಬೇಕೆಂದು 1980ರ ದಶಕದಲ್ಲಿ ಚಟ್ಟೋಪಾಧ್ಯಾಯ ಆಯೋಗ ಹೇಳಿತು. ಮೈಸೂರಿನಲ್ಲಿ 1963ರಿಂದ ಇರುವ ಪ್ರಾದೇಶಿಕ ಶಿಕ್ಷಣ ಕಾಲೇಜು ಪದವಿ, ತರಬೇತಿ ಎರಡನ್ನೂ ಹೊಂದಿಸಿ ನಾಲ್ಕು ವರ್ಷದ ಕೋರ್ಸು ನಡೆಸುತ್ತ ಬಂದಿತ್ತು. ಆದರೆ ಅದರ ಕಣ್ಣು ಹೈಸ್ಕೂಲಿನ ಮೇಲೆ. ಸಣ್ಣ ಮಕ್ಕಳ ಮಾಸ್ತರರಿಗೆಂದೇ ಪದವಿ ಹುಟ್ಟಿದ್ದು 1994ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ, ಬಿ.ಎಲ್.ಎಡ್. ಎಂಬ ಹೆಸರಿನಲ್ಲಿ. ಆ ಹೊತ್ತಿಗೆ ಫಿನ್‌ಲೆಂಡು ಒಂದನೆಯ ತರಗತಿಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಕಡ್ಡಾಯ ಮಾಡಿ ಹದಿನೈದು ವರ್ಷ ಕಳೆದಿತ್ತು.

ತಡವಾದದ್ದಕ್ಕೆ ಕಾರಣ ದುಡ್ಡೊಂದೇ ಅಲ್ಲ. ನಮ್ಮಲ್ಲಿ ವಿದ್ಯೆಗೆ ಮೆಟ್ಟಿಲುಗಳಿದ್ದವು, ಮೇಲಿನ ಮೆಟ್ಟಿಲಿನವನಿಗೆ ಹೆಚ್ಚು ಮಾನ. ತಹ್ತಾನಿಯಾ ಎಂಬ ಹೆಸರಿನಲ್ಲೇ 'ಕೆಳಗಿನದು' ಕೂತಿದೆ. ಹತ್ತನೆಯ ತರಗತಿಗೆ ಪ್ರಮೇಯ ಹೇಳಿಕೊಡುವುದಕ್ಕಿಂತ ಆರು ವರ್ಷದ ಮಗುವಿಗೆ ದಶಕ-ಬಿಡಿ ತಿಳಿಸುವುದು ಕಷ್ಟ ಎಂದು ಕಲಿಸಿದವರಿಗೆ ಗೊತ್ತು, ನೇಮಕಾತಿ ಮಾಡುವವರಿಗೆ ಗೊತ್ತಿರಲಿಲ್ಲ. 2018ರ ಜೂನ್‌ನಲ್ಲಿ ಬಿ.ಎಡ್. ಆದವರೂ ಒಂದರಿಂದ ಐದನೆಯ ತರಗತಿಗೆ ಕಲಿಸಬಹುದು, ನೌಕರಿ ಸೇರಿದ ಮೇಲೆ ಆರು ತಿಂಗಳ ಸೇತು ತರಬೇತಿ ಮುಗಿಸಿದರೆ ಸಾಕು ಎಂಬ ಅಧಿಸೂಚನೆ ಹೊರಟಿತು. ದೊಡ್ಡ ಪದವಿ ಸಣ್ಣ ತರಗತಿಗೆ ಸಾಲದೇ ಇದ್ದೀತೇ ಎಂಬ ಎಣಿಕೆ. ರಾಜಸ್ಥಾನ ಹೈಕೋರ್ಟು ಅದನ್ನು ತಳ್ಳಿಹಾಕಿತು. 2023ರ ಆಗಸ್ಟ್ 11ರಂದು ದೇವೇಶ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಅದಕ್ಕೆ ಡಿಪ್ಲೊಮಾದವರೇ ಸರಿ, ಬಿ.ಎಡ್. ಅದರ ಬದಲಿಯಲ್ಲ. ಡಿ.ಎಡ್. ಕಾಲೇಜುಗಳಿಗೆ ಬೀಗ ಬೀಳುತ್ತಿದ್ದ ಹೊತ್ತಿನಲ್ಲೇ ಡಿ.ಎಡ್.ಗೆ ಈ ಮಾನ ಸಿಕ್ಕಿದ್ದು ಒಂದು ತಮಾಷೆ.

ಅದೇ 2023-24ರಲ್ಲಿ ಐಟೆಪ್ ಎಂಬ ನಾಲ್ಕು ವರ್ಷದ ಸಂಯೋಜಿತ ಪದವಿ ದೇಶದ 57 ಸಂಸ್ಥೆಗಳಲ್ಲಿ ಪ್ರಯೋಗಕ್ಕೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ಶಿಕ್ಷಕರಾಗಲು ಕನಿಷ್ಠ ಅರ್ಹತೆ ಇದೇ ಆಗಬೇಕು. ಒಂದು ವಿಷಯದಲ್ಲಿ ಪೂರ್ಣ ಪದವಿ, ಜೊತೆಗೆ ಶಿಕ್ಷಣಶಾಸ್ತ್ರ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಕಲಿಸುವವರಿಗೆ ಒಂದು ಹಾದಿ, ಮೂರರಿಂದ ಐದನೆಯ ತರಗತಿಗೆ ಇನ್ನೊಂದು, ಮುಂದಿನವಕ್ಕೆ ಬೇರೆ. ಪ್ರವೇಶ ಪರೀಕ್ಷೆ ಹದಿಮೂರು ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡ, ಮರಾಠಿ, ಉರ್ದು ಮೂರೂ ಅದರಲ್ಲಿವೆ. ಕಾಸಾರಶಿರಸಿಯ ಮಟ್ಟಿಗೆ ಆ ಮೂರೇ ಸಾಕು.

ಪದವಿಯಿಂದ ಈ ಸೀಮೆಗೆ ಆಗಬಹುದಾದ ಲಾಭ ಎಲ್ಲಿದೆ ಎಂದು ಹುಡುಕಿದರೆ ಸಾಂಗಲಿ ಜಿಲ್ಲೆಯ ಕುಪವಾಡದತ್ತ ನೋಡಬೇಕು. ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು ಆ ಹಳ್ಳಿಯ ಮಾತನ್ನು ಕುರಿತು 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ, ಮುಸಲ್ಮಾನರು ಉರ್ದು, ಉಳಿದ ಹಲವರು ಮರಾಠಿ ಆಡುವ ಊರದು. ಶತಮಾನಗಳ ಒಡನಾಟದಲ್ಲಿ ಆ ಭಾಷೆಗಳ ವಾಕ್ಯದ ಕಟ್ಟು ಎಷ್ಟು ಹತ್ತಿರ ಬಂದಿದೆಯೆಂದರೆ ಒಂದರ ವಾಕ್ಯವನ್ನು ಇನ್ನೊಂದಕ್ಕೆ ಪದಕ್ಕೆ ಪದ ಇಟ್ಟು ಸಾಗಿಸಬಹುದು ಎಂದು ಅವರು ತೋರಿಸಿದರು. ಎರಡು ಬೇರೆ ಕುಲದ ಭಾಷೆಗಳು ಒಂದೇ ಅಚ್ಚಿಗೆ ಹೊಂದಿಕೊಂಡ ಆ ಉದಾಹರಣೆ ಜಗತ್ತಿನ ಭಾಷಾವಿಜ್ಞಾನದ ತರಗತಿಗಳಲ್ಲಿ ಈಗಲೂ ಪಾಠ. ಕುಪವಾಡದಂಥ ಊರಿಗೇ ಮಾಸ್ತರಾಗಿ ಹೋಗುವವನು ಮಾತ್ರ ಅದನ್ನು ಡಿ.ಎಡ್.ನಲ್ಲಿ ಓದಿದ್ದಿಲ್ಲ. ಓದಿದ್ದರೆ, ಮರಾಠಿ ಬರೆಯುವಾಗ ಮಗು ಮಾಡುವ 'ತಪ್ಪು' ಕನ್ನಡದ ವ್ಯಾಕರಣ ಎಂದು ಗುರುತು ಹಿಡಿಯುತ್ತಿದ್ದ. ಕೆಂಪು ಶಾಯಿ ಅಷ್ಟು ಖರ್ಚಾಗುತ್ತಿರಲಿಲ್ಲ. ಎರಡು ವರ್ಷದ ತರಬೇತಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ನಾಲ್ಕು ವರ್ಷದಲ್ಲಿ ಇದ್ದೀತು. ಇಡುವ ಮನಸ್ಸು ಪಠ್ಯಕ್ರಮ ಬರೆಯುವವರಿಗೆ ಬೇಕಷ್ಟೆ.

ಇನ್ನು ಆ ಹಳೆಯ ಪದ, ಮುಲ್ಕಿ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಮೇಲೆ ಬೀದರ, ಕಲಬುರಗಿಯ ಕಡೆಯ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲು ಬಂತು. 2022ರಲ್ಲಿ ಕರ್ನಾಟಕ ಆರರಿಂದ ಎಂಟನೆಯ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರನ್ನು ತೆಗೆದುಕೊಳ್ಳಲು ಹೊರಟಾಗ 5,000 ಜಾಗ ಈಗ ಕಲ್ಯಾಣ ಕರ್ನಾಟಕ ಎನ್ನಿಸಿಕೊಂಡಿರುವ ಅದೇ ಭಾಗದ್ದು. ನ್ಯಾಯವೇ, ನಿಜಾಮನ ಕಾಲದ ಹಿಂದುಳಿದಿರುವಿಕೆಗೆ ಪರಿಹಾರ. ಆದರೆ ಅದೇ ನಿಜಾಮನ ಅದೇ ಬೀದರ ಜಿಲ್ಲೆಯ ನಿಲಂಗಾ ತಾಲ್ಲೂಕು ಅದರಲ್ಲಿ ಬರುವುದಿಲ್ಲ. ಬಸವಕಲ್ಯಾಣದಲ್ಲಿ ಸೋದರಮಾವನಿರುವ, ಭಾಲ್ಕಿಗೆ ಹೆಣ್ಣು ಕೊಟ್ಟಿರುವ ಕಾಸಾರಶಿರಸಿಯ ಕನ್ನಡಿಗನು ಆ ಮೀಸಲಿನ ಲೆಕ್ಕದಲ್ಲಿ ಗೈರ್‌ಮುಲ್ಕಿ. ಮಹಾರಾಷ್ಟ್ರದ ಭರ್ತಿ ನಡೆಯುವುದು ಪವಿತ್ರ ಪೋರ್ಟಲ್ಲಿನಲ್ಲಿ, ಅಲ್ಲಿ ಅವನು ಸ್ಥಳೀಯ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮತ್ತೊಂದು ತೀರ್ಪು ಬಂತು, ಮಹಾರಾಷ್ಟ್ರ ಸರಕಾರವೇ ಎದುರು ಪಕ್ಷವಾಗಿದ್ದ ಪ್ರಕರಣದಲ್ಲಿ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವೆಯಲ್ಲಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿ.ಇ.ಟಿ. ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಕಾಲು ಶತಮಾನ ಕಲಿಸಿದ ಗುರುಜಿಗಳು ಬಾಲವಿಕಾಸದ ಗೈಡು ಹಿಡಿದು ಕೂರಬೇಕಾಯಿತು. ಒಂದರಿಂದ ಐದನೆಯ ತರಗತಿಯವರಿಗೆ ಮೊದಲ ಪತ್ರಿಕೆ, 150 ಪ್ರಶ್ನೆ, 150 ಅಂಕ. ಬಾಲವಿಕಾಸಕ್ಕೆ 30, ಗಣಿತಕ್ಕೆ 30, ಪರಿಸರಕ್ಕೆ 30, ಎರಡು ಭಾಷೆಗಳಿಗೆ ತಲಾ 30. ಮೊದಲ ಭಾಷೆ ಯಾವುದೆಂದು ಅರ್ಜಿಯಲ್ಲೇ ಬರೆಯಬೇಕು. ಮಹಾರಾಷ್ಟ್ರದ ಆ ಕಾಲಮಿನಲ್ಲಿ ಮರಾಠಿ, ಇಂಗ್ಲಿಷ್, ಉರ್ದು, ಹಿಂದಿ, ಗುಜರಾತಿಗಳ ಸಾಲಿನಲ್ಲಿ ಕನ್ನಡವೂ ಇದೆ.